ಡಲಾನೆಗಾದ ಬೋರ್ಡುಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

"ನೀನಿರೋ ಕಡೆಯೂ ಚಿನ್ನದ ಗಣಿ ಇತ್ತಂತಲ್ಲ, ಹೋಗಿದ್ಯಾ?" ಅಂತ ಫೋನಿನಲ್ಲಿ ಕೇಳಿದ್ದೆ. ಹೋಗಿದ್ದೀನಿ ಕಣೋ. ಆದರೆ ಅದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ನೀನು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನು. ನಿಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ದಿನಾ ಭೂಮಿಯೊಳಗೆ ಇಳಿಯುತ್ತಿದ್ದವರು. ನಿನಗೆ ಗಣಿಯ ಬಗ್ಗೆ ನಾನು ಪಾಠ ಹೇಳಿದರೆ ನಗ್ತೀಯಾ. ಅದಕ್ಕೇ ಗಣಿಗಿಂತ ಜಾಸ್ತಿ ಅಲ್ಲಿನ ರಸ್ತೆ ಬದಿಯ ಬೋರ್ಡುಗಳ ಬಗ್ಗೆ ಬರೀತೀನಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವೇ.

ಊರಿನ ಹೆಸರು ಡಲಾನೆಗಾ, ಅಮೆರಿಕದ ಜಾರ್ಜಿಯಾ ರಾಜ್ಯದ್ದು. ಅಟ್ಲಾಂಟಾದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್. ನಾನೂರನೇ ನಂಬರಿನ ಹೈವೇ ಹಿಡಿದು ಅದು ಮುಗಿಯುವ ತನಕ ಹೋದರೆ ಊರು ಹತ್ತಿರ ಬಂತು ಅಂತ ಅರ್ಥ. ಅಲ್ಲಿಂದ ಮುಂದೆ ಬೆಟ್ಟದ ಸಾಲು ಶುರು. ಸಣ್ಣ ಊರು. ಮಧ್ಯದಲ್ಲಿ ಚೌಕ, ಚೌಕದ ಮಧ್ಯದಲ್ಲಿ 1836ರ ಇಟ್ಟಿಗೆಯ ಹಳೆಯ ಕೋರ್ಟು. ಈಗ ಅದೇ ಚಿನ್ನದ ಮ್ಯೂಸಿಯಂ. ಅದರ ಇಟ್ಟಿಗೆಯಲ್ಲೂ ಚಿನ್ನದ ಕಣ ಇದೆ ಅಂತಾರೆ. ಅದು ಉತ್ಪ್ರೇಕ್ಷೆ ಅಲ್ಲ, ಅಲ್ಲಿನ ಮಣ್ಣೇ ಹಾಗೆ. ಚೌಕದ ಸುತ್ತ ಐಸ್‌ಕ್ರೀಂ, ಫಡ್ಜ್, ವೈನ್, ಟೀ ಶರ್ಟು ಮಾರುವ ಅಂಗಡಿಗಳು. ಪ್ರವಾಸಿಗಳಿಗೆ ಇಷ್ಟು ಸಾಕು. ನನಗೆ ಸಾಲದು, ನಿನಗೆ ಗೊತ್ತಲ್ಲ.

ಈಗ ಬೋರ್ಡಿನ ವಿಷಯಕ್ಕೆ ಬರ್ತೀನಿ. ಜಾರ್ಜಿಯಾ ರಾಜ್ಯದಲ್ಲಿ ಎಲ್ಲಿ ಹೋದರೂ ರಸ್ತೆ ಬದಿಯಲ್ಲಿ ಒಂಟಿ ಕಂಬದ ಮೇಲೆ ಕಡು ಹಸಿರು ಬಣ್ಣದ ಲೋಹದ ಹಲಗೆ ಕಾಣುತ್ತೆ. ಎರಕ ಹೊಯ್ದ ಅಲ್ಯೂಮಿನಿಯಂ. ಅಕ್ಷರಗಳು ಉಬ್ಬಿಕೊಂಡಿರುತ್ತವೆ, ಬೆರಳಾಡಿಸಿದರೆ ಕೈಗೆ ಸಿಗುತ್ತವೆ. ಮೇಲುಗಡೆ ರಾಜ್ಯದ ಮುದ್ರೆ: ಮೂರು ಕಂಬದ ಮೇಲೊಂದು ಕಮಾನು, ಕಂಬಗಳ ಸುತ್ತ ಪಟ್ಟಿ, ಪಟ್ಟಿಯ ಮೇಲೆ ವಿವೇಕ, ನ್ಯಾಯ, ಸಂಯಮ ಎಂಬ ಮೂರು ಮಾತು. ಕೆಳಗಡೆ ಮೂಲೆಯಲ್ಲಿ ಒಂದು ಸಣ್ಣ ನಂಬರು ಮತ್ತು ಇಸವಿ. ಈ ನಂಬರಿಗೆ ಒಂದು ಲೆಕ್ಕ ಇದೆ. ರಾಜ್ಯದಲ್ಲಿ 159 ಕೌಂಟಿಗಳು, ನಮ್ಮ ಜಿಲ್ಲೆಗಳ ಹಾಗೆ. ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದಕ್ಕೂ ಒಂದು ಸಂಖ್ಯೆ. ಡಲಾನೆಗಾ ಇರುವ ಲಂಪ್ಕಿನ್ ಕೌಂಟಿಯದು 093. ಅದರ ಮುಂದೆ ಬೋರ್ಡಿನ ಸಂಖ್ಯೆ. ಕಾರಿನಲ್ಲಿ ಕೂತು ಇದ್ಯಾವುದನ್ನೂ ಓದೋಕಾಗಲ್ಲ. ಗಾಡಿ ಪಕ್ಕಕ್ಕೆ ಹಾಕಿ ಇಳಿಯಲೇಬೇಕು. ಹಿಂದಿನ ಸೀಟಿನಿಂದ ಮಕ್ಕಳು "ಮತ್ತೆ ಬೋರ್ಡಾ ಅಪ್ಪಾ?" ಅಂತ ಗೊಣಗ್ತಾರೆ. ಗೊಣಗಲಿ ಬಿಡು.

ಈ ಹಳೆಯ ಬೋರ್ಡುಗಳನ್ನು ನೆಟ್ಟದ್ದು ಜಾರ್ಜಿಯಾ ಹಿಸ್ಟಾರಿಕಲ್ ಕಮಿಷನ್. ರಾಜ್ಯ ಸರ್ಕಾರವೇ 1951ರಲ್ಲಿ ಮಾಡಿದ ಸಂಸ್ಥೆ. ಐವತ್ತರ ದಶಕದಲ್ಲಿ ಅವರು ಸಿಕ್ಕಸಿಕ್ಕಲ್ಲಿ ಬೋರ್ಡು ನೆಟ್ಟರು. ಕಾರು ಕೊಂಡವರು ಜಾಸ್ತಿಯಾಗಿದ್ದ ಕಾಲ, ಫ್ಲಾರಿಡಾಕ್ಕೆ ಹೋಗುವ ಪ್ರವಾಸಿಗಳು ಇಲ್ಲೂ ಒಂದು ದಿನ ನಿಲ್ಲಲಿ ಎಂಬ ಆಸೆ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಬೋರ್ಡುಗಳಂತೂ ಲೆಕ್ಕವಿಲ್ಲದಷ್ಟು. ಅಟ್ಲಾಂಟಾ ಸುತ್ತಮುತ್ತ 1864ರ ಕಾದಾಟದ ಬೋರ್ಡುಗಳಲ್ಲಿ ಬಹಳಷ್ಟನ್ನು ಬರೆದದ್ದು ವಿಲ್ಬರ್ ಕುರ್ಟ್ಸ್ ಎಂಬ ಚಿತ್ರಕಾರ. ಇತಿಹಾಸದ ಹುಚ್ಚಿದ್ದ ಮನುಷ್ಯ. ಯಾವ ಜನರಲ್‌ನ ಯಾವ ದಳ ಯಾವ ತಿರುವಿನಲ್ಲಿ ಎಡಕ್ಕೆ ಹೋಯಿತು ಅನ್ನೋದನ್ನು ಪೆಟ್ರೋಲ್ ಬಂಕಿನ ಮುಂದೆ ನಿಂತು ಓದಬಹುದು. ಆ ಯುದ್ಧ ಯಾಕೆ ಆಯಿತು ಅನ್ನೋದನ್ನು ಹುಡುಕಬೇಕು. ಕಮಿಷನ್ 1973ರಲ್ಲಿ ಮುಚ್ಚಿತು. 1998ರಿಂದ ಹೊಸ ಬೋರ್ಡು ನೆಡುವ ಕೆಲಸ ಜಾರ್ಜಿಯಾ ಹಿಸ್ಟಾರಿಕಲ್ ಸೊಸೈಟಿಯದು. ಅದು ಬೇರೆ ಕಾಲ, ಬೇರೆ ಭಾಷೆ. ಹಾಗಾಗಿ ಇಲ್ಲಿ ಬೋರ್ಡು ಓದುವಾಗ ಮೊದಲು ಕೆಳಗಿನ ಮೂಲೆ ನೋಡಬೇಕು. ಇಸವಿ ಓದಿಕೊಂಡು ಆಮೇಲೆ ಮೇಲಿನ ಕತೆ.

ಚಿನ್ನ ಮೊದಲು ಯಾರಿಗೆ ಸಿಕ್ಕಿತು? ಇದಕ್ಕೆ ಇಲ್ಲಿ ನಾಲ್ಕೈದು ಉತ್ತರ ಇವೆ. ಜನಪ್ರಿಯವಾದದ್ದು ಬೆಂಜಮಿನ್ ಪಾರ್ಕ್ಸ್‌ನ ಕತೆ. 1828ರಲ್ಲಿ ಜಿಂಕೆ ಬೇಟೆಗೆ ಹೋಗಿದ್ದನಂತೆ. ಕಾಲಿಗೆ ಕಲ್ಲೊಂದು ತಗುಲಿತಂತೆ. ನೋಡಿದರೆ ಮೊಟ್ಟೆಯ ಹಳದಿಯ ಬಣ್ಣ. ಮುಪ್ಪಿನಲ್ಲಿ ಪತ್ರಿಕೆಯವರ ಮುಂದೆ ಅವನೇ ಹೇಳಿಕೊಂಡದ್ದು ಇದು. ಇನ್ನೊಂದು ಕತೆಯಲ್ಲಿ ಪಕ್ಕದ ಡ್ಯೂಕ್ಸ್ ಹಳ್ಳದಲ್ಲಿ ಮೇಜರ್ ಲೋಗನ್ ಎಂಬಾತನ ಗುಲಾಮನಿಗೆ ಸಿಕ್ಕಿತು. ಮೇಜರ್‌ಗೆ ಹೆಸರಿದೆ, ಸಿಕ್ಕಿದವನಿಗೆ ಇಲ್ಲ. ಅಚ್ಚಿನಲ್ಲಿ ಸಿಗುವ ಮೊದಲ ಸುದ್ದಿ 1829ರ ಆಗಸ್ಟ್ 1ರದು. ಆಗಿನ ರಾಜಧಾನಿ ಮಿಲೆಜ್‌ವಿಲ್‌ನ ಪತ್ರಿಕೆಯೊಂದರಲ್ಲಿ ಹ್ಯಾಬರ್‌ಶಾಂ ಕೌಂಟಿಯಲ್ಲಿ ಎರಡು ಚಿನ್ನದ ಗಣಿ ಪತ್ತೆಯಾಗಿವೆ ಅಂತ ಬಂತು. ಅಷ್ಟೇ. ವರ್ಷ ತುಂಬುವುದರೊಳಗೆ ಸಾವಿರಾರು ಜನ ಸಲಿಕೆ, ಬಾಣಲೆ ಹಿಡಿದು ನುಗ್ಗಿದರು. ಕ್ಯಾಲಿಫೋರ್ನಿಯಾದ ಚಿನ್ನದ ಗಲಾಟೆಗಿಂತ ಇಪ್ಪತ್ತು ವರ್ಷ ಮೊದಲಿನ ಮಾತಿದು.

ನಿಮ್ಮೂರಲ್ಲೂ ಹೀಗೇ ಅಲ್ವಾ? 1802ರಲ್ಲಿ ಲೆಫ್ಟಿನೆಂಟ್ ವಾರನ್ ಸರ್ವೆಗೆ ಬಂದಾಗ ಕೋಲಾರದ ಆ ಹಳ್ಳಿಯವರು ಮಣ್ಣು ಗಾಳಿಸಿ ಚಿನ್ನ ತೆಗೆದು ತೋರಿಸಿದರು. ವಾರನ್ ಹೆಸರು ಪುಸ್ತಕದಲ್ಲಿ ಉಳಿಯಿತು. ಆಮೇಲೆ ಚಿನ್ನ ಹುಡುಕಿಕೊಂಡು ಬಂದ ಲಾವೆಲ್ ಹೆಸರಲ್ಲಿ ಬೆಂಗಳೂರಲ್ಲಿ ರಸ್ತೆಯೇ ಇದೆ. ಮಣ್ಣು ಗಾಳಿಸಿದವರ ಹೆಸರು ನನಗೆ ಎಲ್ಲೂ ಸಿಕ್ಕಿಲ್ಲ. ನಿಮ್ಮಪ್ಪನಿಗೆ ಗೊತ್ತಿದ್ದರೆ ಕೇಳು.

ಡಲಾನೆಗಾದಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರ್‌ನಷ್ಟು ದೂರ ಆರೇರಿಯಾ ಅಂತ ಒಂದು ಜಾಗ. ಊರು ಅಂತ ಹೇಳುವ ಹಾಗಿಲ್ಲ. ಕುಸಿದ ಮರದ ಕಟ್ಟಡ, ಕೆಲವು ಮನೆ, ಒಂದು ಬೋರ್ಡು. ಆದರೆ 1832ರಲ್ಲಿ ಇದೇ ದೊಡ್ಡ ಊರು. ಬೋರ್ಡಿನ ಪ್ರಕಾರ ಹೆಸರಿಟ್ಟದ್ದು ಜಾನ್ ಸಿ. ಕ್ಯಾಲ್ಹೂನ್. ಅಮೆರಿಕದ ಉಪಾಧ್ಯಕ್ಷನಾಗಿದ್ದವನು, ಗುಲಾಮಗಿರಿಯ ಪರ ವಾದ ಮಾಡುವುದರಲ್ಲಿ ಎತ್ತಿದ ಕೈ. ಹತ್ತಿರದಲ್ಲೇ ಅವನದೊಂದು ಗಣಿ ಇತ್ತು. ಅಲ್ಲಿ ಕೆಲಸ ಮಾಡಿದ್ದು "ಕ್ಯಾಲ್ಹೂನ್‌ನ ಗುಲಾಮರು" ಅಂತ ಬೋರ್ಡು ಹೇಳುತ್ತೆ. ಅಷ್ಟಾದರೂ ಹೇಳಿದೆ ನೋಡು, 1950ರ ದಶಕದ ಬೋರ್ಡಿಗೆ ಅದೇ ಜಾಸ್ತಿ. ಅವನ ಅಳಿಯ ಥಾಮಸ್ ಕ್ಲೆಮ್ಸನ್ ಕೆಲವು ಕಾಲ ಆ ಗಣಿ ನೋಡಿಕೊಂಡ. ಸತ್ತ ಮೇಲೆ ಆಸ್ತಿಯನ್ನೆಲ್ಲ ಕಾಲೇಜಿಗೆ ಬರೆದಿಟ್ಟ. ನಮ್ಮ ಹುಡುಗರು ಎಂಎಸ್ ಮಾಡೋಕೆ ಅಂತ ಅರ್ಜಿ ಹಾಕುವ ಕ್ಲೆಮ್ಸನ್ ಯೂನಿವರ್ಸಿಟಿ ಅದೇ. ಆರೇರಿಯಾದಿಂದ 1858ರಲ್ಲಿ ಗ್ರೀನ್ ರಸೆಲ್ ಎಂಬವನು ತಮ್ಮಂದಿರನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ. ಚೆರಿ ಹಳ್ಳದ ದಂಡೆಯಲ್ಲಿ ಇನ್ನೊಂದು ಆರೇರಿಯಾ ಕಟ್ಟಿದ. ಅದು ಮುಂದೆ ಪಕ್ಕದ ಡೆನ್ವರ್ ಜೊತೆ ಸೇರಿಹೋಯಿತು. ತಾಯಿ ಊರು ಇಲ್ಲಿ ಪೊದೆಯೊಳಗೆ ಮುಳುಗಿದೆ.

ಈಗ ನನಗೆ ಕಾಡಿದ ಬೋರ್ಡಿಗೆ ಬರ್ತೀನಿ. ಊರಿಂದ ಉತ್ತರಕ್ಕೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು, ಬೆಟ್ಟದ ರಸ್ತೆ ಎರಡಾಗಿ ಒಡೆಯುವ ಕಡೆ, ನಡುವಿನ ತ್ರಿಕೋನದಲ್ಲಿ ಒಂದು ಕಲ್ಲಿನ ರಾಶಿ. ಆಳೆತ್ತರ ಇಲ್ಲ, ಆದರೆ ಅಗಲ ಇದೆ. ನದಿಯ ಉರುಟು ಕಲ್ಲು, ಒಡೆದ ಜಲ್ಲಿ, ಬಿಳಿ ಬೆಣಚು, ಎಲ್ಲಾ ಕಲಸಿಕೊಂಡಿವೆ. ಎರಡೂ ಕಡೆ ಲಾರಿ, ಮೋಟಾರ್ ಸೈಕಲ್ ಗುಡುಗುತ್ತ ತಿರುಗುತ್ತವೆ. ಪಕ್ಕದಲ್ಲಿ ಹಸಿರು ಬೋರ್ಡು, ನಂಬರು 093-3. "ಟ್ರಾಲಿಟಾಳ ಸಮಾಧಿ." ಚೆರೋಕಿ, ಅಂದರೆ ಈ ಬೆಟ್ಟಗಳ ಮೂಲನಿವಾಸಿ ಜನಾಂಗದ, ರಾಜಕುಮಾರಿಯಂತೆ. ಅವಳ ಕುಲದವರಿಗೆ ಚಿರಯೌವನ ಕೊಡುವ ಚಿಲುಮೆಯ ಗುಟ್ಟು ಗೊತ್ತಿತ್ತಂತೆ. ಗುಟ್ಟು ಹೇಳಿದ್ದು ಸೀಡರ್ ಬೆಟ್ಟದ ಮಾಟಗಾತಿ. ಒಲಿಯದ ಹುಡುಗಿಯನ್ನು ವಾಸೆಗಾ ಎಂಬುವನು ಹೊತ್ತೊಯ್ದನಂತೆ. ಚಿಲುಮೆಯಿಂದ ದೂರವಾಗಿ ಅವಳ ರೂಪ ಬಾಡಿತು. ಸಾಯುವಾಗ ನನ್ನನ್ನು ನನ್ನ ಬೆಟ್ಟದ ಹತ್ತಿರವೇ ಮಣ್ಣು ಮಾಡು ಅಂದಳು. ಅಂದಿನಿಂದ ದಾರಿಹೋಕರು ಒಬ್ಬೊಬ್ಬರು ಒಂದೊಂದು ಕಲ್ಲು ಹಾಕಿ ಹೋಗುತ್ತಾರೆ, ಒಳ್ಳೆಯದಾಗುತ್ತೆ ಅಂತ ನಂಬಿಕೆ. ರಸ್ತೆ ಅಗಲ ಮಾಡುವವರು ರಾಶಿ ಸರಿಸೋಕೆ ಹೋಗಿ ಪ್ರಾಣ ಕಳೆದುಕೊಂಡರು ಅಂತಲೂ ಊರವರ ಬಾಯಲ್ಲಿ ಕತೆ ಇದೆ. ನಮ್ಮ ಕಡೆ ರಸ್ತೆ ಮಧ್ಯದ ಭೂತನ ಕಲ್ಲಿಗೂ ಇದೇ ಕತೆ ಹೇಳ್ತಾರಲ್ಲ. ಪಿಡಬ್ಲ್ಯೂಡಿಯವರಿಗೆ ಎಲ್ಲಾ ದೇಶದಲ್ಲೂ ಒಂದೇ ಭಯ.

ನನ್ನ ಮಗಳು ಒಂದು ಕಲ್ಲು ಹಾಕಿದಳು. ನಾನೂ ಹಾಕಿದೆ. ಕತೆ ಚೆನ್ನಾಗಿದೆ, ನಂಗೇನೂ ತಕರಾರಿಲ್ಲ. ತಕರಾರು ಬೇರೆ. ಸರ್ಕಾರದ ಮುದ್ರೆ ಹೊತ್ತ ಹಲಗೆಯ ಮೇಲೆ ಚೆರೋಕಿಗಳು ಮಾಟಗಾತಿ, ಮಾಯದ ನೀರು, ರಾಜಕುಮಾರಿಯಾಗಿ ಬರ್ತಾರೆ. ಹಾಗಾದರೆ ನಿಜವಾದ ಚೆರೋಕಿಗಳು 1828ರಲ್ಲಿ ಏನು ಮಾಡ್ತಿದ್ದರು?

ಪತ್ರಿಕೆ ತೆಗೀತಿದ್ದರು ಕಣೋ! ಡಲಾನೆಗಾದಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ದಾರಿ, ನ್ಯೂ ಎಕೋಟಾ. ಅದು ಅವರ ರಾಜಧಾನಿ. 1827ರಲ್ಲಿ ಲಿಖಿತ ಸಂವಿಧಾನ ಮಾಡಿಕೊಂಡಿದ್ದರು. 1828ರ ಫೆಬ್ರವರಿ 21ರಂದು "ಚೆರೋಕಿ ಫೀನಿಕ್ಸ್" ಪತ್ರಿಕೆಯ ಮೊದಲ ಸಂಚಿಕೆ ಬಂತು. ಇಂಗ್ಲಿಷು, ಚೆರೋಕಿ ಎರಡೂ ಭಾಷೆಯಲ್ಲಿ. ಸಂಪಾದಕ ಎಲಿಯಾಸ್ ಬೌಡಿನಾಟ್, ಅವನೂ ಚೆರೋಕಿಯೇ. ಲಿಪಿ ಮಾಡಿದ್ದು ಸಿಕ್ವೋಯಾ ಎಂಬ ಬೆಳ್ಳಿ ಕೆಲಸದವನು. ಅವನಿಗೆ ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ. ತನ್ನ ಭಾಷೆಯ ಒಂದೊಂದು ಉಲಿಗೂ ಒಂದೊಂದು ಅಕ್ಷರ ಕಟ್ಟಿದ. ಒಟ್ಟು 86. ನಮ್ಮ ಕಾಗುಣಿತದಲ್ಲಿ ಕ, ಕಾ, ಕಿ ಒಂದೇ ಮೈಯಿಂದ ಹುಟ್ಟುತ್ತವೆ. ಅವನದರಲ್ಲಿ ಪ್ರತಿಯೊಂದಕ್ಕೂ ಬೇರೆಯದೇ ಆಕಾರ. ಕಲಿಯೋಕೆ ಸುಲಭ, ಕೆಲವೇ ವರ್ಷದಲ್ಲಿ ಜನ ಸಾವಿರಗಟ್ಟಲೆ ಓದು ಕಲಿತರು. ನಮ್ಮ "ಮಂಗಳೂರ ಸಮಾಚಾರ" ಬಂದದ್ದು 1843ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲೇ ಈ ಬೆಟ್ಟದ ಜನ ತಮ್ಮ ಲಿಪಿಯಲ್ಲಿ ಸುದ್ದಿ ಓದುತ್ತಿದ್ದರು ಅನ್ನೋದು ನನಗೆ ಇಲ್ಲಿಗೆ ಬರುವವರೆಗೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಚಿನ್ನ ಸಿಕ್ಕಿತು. ಅವರ ನೆಲದಲ್ಲಿ. ಬಿಳಿಯರು ನುಗ್ಗಿದ್ದನ್ನು ಚೆರೋಕಿಗಳು "ದೊಡ್ಡ ಅತಿಕ್ರಮಣ" ಅಂತ ಕರೆದರು. 1830ರಿಂದ ಜಾರ್ಜಿಯಾ ಸರ್ಕಾರ ತನ್ನ ಕಾನೂನನ್ನು ಆ ನೆಲದ ಮೇಲೂ ಹೇರಿತು. ತಮ್ಮದೇ ಹೊಳೆಯಲ್ಲಿ ಚೆರೋಕಿಗಳು ಚಿನ್ನ ತೆಗೆಯುವಂತಿಲ್ಲ. ಬಿಳಿಯರ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳುವಂತಿಲ್ಲ. ಕಳ್ಳ ಮನೆಗೆ ನುಗ್ಗಿದರೆ ನೀನು ದೂರು ಕೊಡಬಹುದು, ಆದರೆ ನಿನ್ನ ಮಾತನ್ನು ಯಾರೂ ಕೇಳಲ್ಲ ಅನ್ನೋ ಕಾನೂನು!

ಆಮೇಲೆ ಲಾಟರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1832ರಲ್ಲಿ ಚೆರೋಕಿ ನೆಲವನ್ನು ಅಳೆದು ತುಂಡು ಮಾಡಿದರು. ಸಾಗುವಳಿ ಜಮೀನಾದರೆ 160 ಎಕರೆಯ ತುಂಡು, ಚಿನ್ನ ಇರುವ ಸೀಮೆಯಾದರೆ 40 ಎಕರೆಯದು. ಒಂದು ಡ್ರಮ್ಮಿನಲ್ಲಿ ಅರ್ಜಿದಾರರ ಹೆಸರಿನ ಚೀಟಿ, ಇನ್ನೊಂದರಲ್ಲಿ ಜಮೀನಿನ ನಂಬರಿನ ಚೀಟಿ. ಎರಡರಿಂದಲೂ ಒಂದೊಂದು ಎತ್ತಬೇಕು. ಚಿನ್ನದ ತುಂಡುಗಳು ಸುಮಾರು 35,000, ಅದಕ್ಕೆ ಕಾದು ಕೂತವರು 1,33,000. ಚೆರೋಕಿಗಳಿಗೆ ಚೀಟಿ ಇಲ್ಲ, ಕಪ್ಪು ಜನರಿಗೂ ಇಲ್ಲ. ಚೀಟಿ ಎತ್ತುವಾಗ ಆ ನೆಲದ ಮೇಲೆ ಚೆರೋಕಿಗಳ ಮನೆ ಇತ್ತು, ಜೋಳದ ಹೊಲ ಇತ್ತು, ಒಲೆ ಉರೀತಿತ್ತು. ಎಲ್ಲೋ ಇನ್ನೂರು ಮೈಲಿ ದೂರದ ಯಾರಿಗೋ ಅದು ಬಹುಮಾನವಾಗಿ ಬಂತು.

ಚೆರೋಕಿಗಳು ಸುಮ್ನೆ ಕೂರಲಿಲ್ಲ, ಕೋರ್ಟಿಗೆ ಹೋದರು. ಸ್ಯಾಮ್ಯುಯೆಲ್ ವೂಸ್ಟರ್ ಎಂಬ ಪಾದ್ರಿ, ಪತ್ರಿಕೆಗೆ ಸಹಾಯ ಮಾಡ್ತಿದ್ದವನು, ರಾಜ್ಯದ ಪರವಾನಗಿ ಇಲ್ಲದೆ ಚೆರೋಕಿಗಳ ನಡುವೆ ಇದ್ದ ಅಂತ ನಾಲ್ಕು ವರ್ಷದ ಶಿಕ್ಷೆ ಆಗಿತ್ತು. ಆ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1832ರ ಮಾರ್ಚ್‌ನಲ್ಲಿ ಕೋರ್ಟು ಹೇಳಿತು: ಚೆರೋಕಿ ನೆಲದ ಮೇಲೆ ಜಾರ್ಜಿಯಾದ ಕಾನೂನು ನಡೆಯಲ್ಲ. ಗೆದ್ದರು! ಗೆದ್ದು ಏನು ಬಂತು? ಅದೇ ವರ್ಷ ಲಾಟರಿ ಆಯಿತು. ಅದೇ ಡಿಸೆಂಬರ್‌ನಲ್ಲಿ ಹೊಸ ಕೌಂಟಿ ಆಯಿತು. ಅದಕ್ಕೆ ಗವರ್ನರ್ ವಿಲ್ಸನ್ ಲಂಪ್ಕಿನ್ ಹೆಸರು. ಚೆರೋಕಿಗಳನ್ನು ಹೊರಗೆ ಹಾಕಬೇಕು ಅಂತ ಪಟ್ಟು ಹಿಡಿದು ಕೂತವನೇ ಅವನು. 1835ರ ಡಿಸೆಂಬರ್‌ನಲ್ಲಿ ಬೆರಳೆಣಿಕೆಯ ಚೆರೋಕಿಗಳು ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಮುಖ್ಯಸ್ಥ ಜಾನ್ ರಾಸ್ ಒಪ್ಪಲಿಲ್ಲ, ಸಾವಿರಾರು ಜನರ ಸಹಿ ತಗೊಂಡು ವಾಷಿಂಗ್ಟನ್‌ಗೆ ಹೋದ. ಮೂರನೇ ಎರಡರಷ್ಟು ವೋಟು ಬೇಕಿದ್ದ ಸೆನೆಟ್ಟು ಒಂದೇ ವೋಟಿನ ಅಂತರದಲ್ಲಿ ಒಪ್ಪಂದಕ್ಕೆ ಅಸ್ತು ಅಂದಿತು.

ಈಗ ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡು. ಡಲಾನೆಗಾದಲ್ಲಿ ಅಮೆರಿಕ ಸರ್ಕಾರ ಒಂದು ಟಂಕಸಾಲೆ ತೆರೆಯಿತು. ಅಲ್ಲಿ ಮೊದಲ ಐದು ಡಾಲರಿನ ಚಿನ್ನದ ನಾಣ್ಯ ಅಚ್ಚಾದದ್ದು 1838ರ ಏಪ್ರಿಲ್. ಜನರಲ್ ವಿನ್‌ಫೀಲ್ಡ್ ಸ್ಕಾಟ್‌ನ ಸೈನಿಕರು ಜಾರ್ಜಿಯಾದಲ್ಲಿ ಚೆರೋಕಿಗಳನ್ನು ಮನೆಯಿಂದ ಎಳೆದು ದೊಡ್ಡಿಗಳಲ್ಲಿ ಕೂಡಿಹಾಕೋಕೆ ಶುರು ಮಾಡಿದ್ದು 1838ರ ಮೇ 26. ನಡುವೆ ಒಂದು ತಿಂಗಳು ಚಿಲ್ಲರೆ. ಸುಮಾರು 16,000 ಜನರನ್ನು ಮಿಸಿಸಿಪ್ಪಿ ನದಿಯಾಚೆ ಓಡಿಸಿದರು. 4,000 ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಅದನ್ನೇ "ಕಣ್ಣೀರಿನ ಹಾದಿ" ಅಂತ ಕರೀತಾರೆ.

ಟಂಕಸಾಲೆ 1861ರ ತನಕ ನಡೆಯಿತು. ಅಲ್ಲಿ ಅಚ್ಚಾದ ನಾಣ್ಯಗಳ ಬೆಲೆ ಒಟ್ಟು 60 ಲಕ್ಷ ಡಾಲರಿಗೂ ಜಾಸ್ತಿ. ಒಂದೊಂದರ ಮೇಲೂ ಸಣ್ಣದೊಂದು "ಡಿ" ಅಕ್ಷರ ಇರುತ್ತೆ. ನಾಣ್ಯ ಸಂಗ್ರಹಿಸುವವರು ಈಗ ಅದಕ್ಕೆ ಬಾಯಿ ಬಿಡ್ತಾರೆ. ಅಂತರ್ಯುದ್ಧ ಶುರುವಾದಾಗ ದಕ್ಷಿಣದವರು ವಶ ಮಾಡಿಕೊಂಡು ಮುಚ್ಚಿದರು. ಆಮೇಲೆ ಕಟ್ಟಡ ಕಾಲೇಜಿಗೆ ಹೋಯಿತು, 1878ರಲ್ಲಿ ಸುಟ್ಟು ಹೋಯಿತು. ಅದೇ ಅಡಿಪಾಯದ ಮೇಲೆ ಕಟ್ಟಿದ ಪ್ರೈಸ್ ಮೆಮೋರಿಯಲ್ ಎಂಬ ಕಟ್ಟಡಕ್ಕೆ 1973ರಲ್ಲಿ ಚಿನ್ನದ ತಗಡು ಹೊದಿಸಿದ ಗೋಪುರ ಬಂತು. ಅಟ್ಲಾಂಟಾದ ವಿಧಾನಸಭೆಯ ಗುಮ್ಮಟಕ್ಕೂ ಈ ಊರಿನ ಚಿನ್ನವೇ. 1958ರಲ್ಲಿ 43 ಔನ್ಸ್ ಚಿನ್ನವನ್ನು ಹಳೇ ಕಾಲದ ಹೇಸರಗತ್ತೆ ಬಂಡಿಗಳಲ್ಲಿ ಮೆರವಣಿಗೆ ಮಾಡಿಕೊಂಡು ಒಯ್ದರು. ಈಗಲೂ ಬಿಸಿಲಿಗೆ ಹೊಳೆಯುತ್ತೆ. ಅದರ ಕೆಳಗೇ ರಾಜ್ಯದ ಶಾಸಕರು ಕೂರುವುದು.

ಅಲ್ಲಿ ಕೂತವರೇ 1962ರಲ್ಲಿ ಚೆರೋಕಿಗಳ ವಿರುದ್ಧದ ಆ ಹಳೆಯ ಕಾನೂನುಗಳನ್ನು ರದ್ದು ಮಾಡಿದರು. ನೂರ ಮೂವತ್ತು ವರ್ಷ ಬೇಕಾಯಿತು ನೋಡು. ಅದೇ ವರ್ಷ ನ್ಯೂ ಎಕೋಟಾವನ್ನು ಸ್ಮಾರಕವಾಗಿ ತೆರೆದರು. ವೂಸ್ಟರ್‌ಗೆ ಕ್ಷಮೆ ಸಿಕ್ಕಿದ್ದು 1992ರಲ್ಲಿ. ತಮಾಷೆ ಅಂದರೆ, ಟ್ರಾಲಿಟಾ ಬೋರ್ಡು ನೆಟ್ಟ ಅದೇ ಹಿಸ್ಟಾರಿಕಲ್ ಕಮಿಷನ್ನಿನ ಕಾಲದಲ್ಲೇ, 1954ರಲ್ಲಿ, ನ್ಯೂ ಎಕೋಟಾದಲ್ಲಿ ನೆಲ ಅಗೆದಾಗ ಫೀನಿಕ್ಸ್ ಪತ್ರಿಕೆಯ ಅಚ್ಚುಮೊಳೆಗಳು ಮಣ್ಣಿನಿಂದ ಎದ್ದು ಬಂದವು. ಸೀಸದ ಪುಟ್ಟ ಚೆರೋಕಿ ಅಕ್ಷರಗಳು. 1835ರಲ್ಲಿ ಜಾರ್ಜಿಯಾದ ಕಾವಲು ಪಡೆ ಬಂದು ಆ ಪ್ರೆಸ್ಸನ್ನು ಕಿತ್ತುಕೊಂಡಿತ್ತು.

ಆ ಕಾಲದ ಕಮಿಷನ್ ಸುಳ್ಳು ಹೇಳಿತು ಅಂತ ನಾನು ಹೇಳ್ತಿಲ್ಲ. ಟ್ರಾಲಿಟಾ ಬೋರ್ಡಿನಲ್ಲೇ "ದಂತಕತೆಯ ಪ್ರಕಾರ" ಅಂತ ಇದೆ. ನನ್ನ ಜಗಳ ಯಾವುದು ಯಾವ ರಸ್ತೆಗೆ ಬಂತು ಅನ್ನೋದರ ಬಗ್ಗೆ. ರಾಜಕುಮಾರಿ ಹೆದ್ದಾರಿಯಲ್ಲಿ ನಿಂತಿದ್ದಾಳೆ. ಲಾಟರಿಯ ಡ್ರಮ್ಮು, ಸಾಕ್ಷಿ ಹೇಳಬಾರದೆಂಬ ಕಾನೂನು, ಇವನ್ನು ಹುಡುಕಿಕೊಂಡು ಹೋಗಬೇಕು. ಕಾಡುವ ಸೌಂದರ್ಯ ಇರುವ ಜನ ತಾವಾಗೇ ಮಾಯವಾದರು ಅನ್ನೋ ಹಾಗೆ ಓದಿಸಿಕೊಳ್ಳುತ್ತೆ ಟ್ರಾಲಿಟಾ ಬೋರ್ಡು. ಅವರು ಮಾಯವಾಗಲೂ ಇಲ್ಲ. ಒಕ್ಲಹೋಮಾದಲ್ಲಿ ಚೆರೋಕಿ ನೇಷನ್ ಇದೆ, ಸರ್ಕಾರ ಇದೆ, ಫೀನಿಕ್ಸ್ ಪತ್ರಿಕೆ ಇವತ್ತಿಗೂ ಬರುತ್ತೆ.

ಹೊಸ ಬೋರ್ಡುಗಳ ಪಾಡು ಕೇಳು. ರಾಜ್ಯದ ದಕ್ಷಿಣದಲ್ಲಿ 1918ರಲ್ಲಿ ಮೇರಿ ಟರ್ನರ್ ಎಂಬ ತುಂಬು ಗರ್ಭಿಣಿಯನ್ನು ಗುಂಪೊಂದು ಕೊಂದಿತ್ತು. ತನ್ನ ಗಂಡನನ್ನು ಕೊಂದವರನ್ನು ಹಿಡಿಸುತ್ತೀನಿ ಅಂದದ್ದೇ ಅವಳ ತಪ್ಪು. 2010ರಲ್ಲಿ ಅದನ್ನು ನೇರವಾಗಿ ಬರೆದು ಬೋರ್ಡು ನೆಟ್ಟರು. ಯಾರೋ ಅದಕ್ಕೆ ಗುಂಡು ಹೊಡೆದರು. ತೂತು ಬಿದ್ದು, ಪೆಟ್ಟು ತಿಂದು, ಕೊನೆಗೆ 2020ರಲ್ಲಿ ಅದನ್ನು ಕಿತ್ತು ಒಳಗಿಡಬೇಕಾಯಿತು. ಯಾವ ದಳ ಎಡಕ್ಕೆ ತಿರುಗಿತು ಅನ್ನೋ ಬೋರ್ಡಿಗೆ ಯಾರು ಗುಂಡು ಹಾಳು ಮಾಡ್ತಾರೆ?

ಡಲಾನೆಗಾದಲ್ಲಿ ನನಗೆ ಇಷ್ಟವಾದ ಮನುಷ್ಯನ ಬಗ್ಗೆ ಹೇಳದಿದ್ದರೆ ಪತ್ರ ಅರ್ಧ. ಜೇಮ್ಸ್ ಬೊಯ್ಸ್‌ಕ್ಲೇರ್. ಜನ ಕರೆಯುತ್ತಿದ್ದದ್ದು "ಫ್ರೀ ಜಿಮ್" ಅಂತ. ಗುಲಾಮನಲ್ಲದ ಕಪ್ಪು ಮನುಷ್ಯ. ಕೇಕು, ಹಣ್ಣು ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಅವನ ಕಣ್ಣಿಗೆ ಒಂದು ಚಿನ್ನದ ಎಳೆ ಬಿತ್ತು. ನೆಲ ಕೊಳ್ಳೋಣ ಅಂದರೆ ಕಾನೂನು ಬಿಡಲ್ಲ. ಸ್ವತಂತ್ರನಾದರೂ ಕಪ್ಪು ಮನುಷ್ಯನಿಗೆ ಒಬ್ಬ ಬಿಳಿ ಪೋಷಕ ಬೇಕು, ಮಕ್ಕಳಿಗೆ ಇರ್ತಾರಲ್ಲ ಹಾಗೆ. ಡಾಕ್ಟರ್ ಜೋಸೆಫ್ ಸಿಂಗಲ್ಟನ್ ಪೋಷಕನಾದ. ಟಂಕಸಾಲೆಯ ಮೊದಲ ಮುಖ್ಯಸ್ಥನೂ ಅವನೇ. ಗಣಿ ಜಿಮ್‌ನದು, ಕಾಗದ ಸಿಂಗಲ್ಟನ್‌ದು. ಜಿಮ್ ಚೆನ್ನಾಗಿ ದುಡಿದ. ದೊಡ್ಡ ಅಂಗಡಿ ಹಾಕಿದ, ಹಿಮ ಕೂಡಿಡುವ ಮನೆ ಕಟ್ಟಿದ. ಬೇಸಿಗೆಯಲ್ಲಿ ಊರಿಗೆಲ್ಲ ತಣ್ಣನೆಯದು ಕುಡಿಸಿದ. ಕ್ಯಾಲಿಫೋರ್ನಿಯಾದ ಸುದ್ದಿ ಬಂದಾಗ ಅವನೂ ಹೊರಟ. ಅಲ್ಲೇ ಜಗಳವೊಂದರಲ್ಲಿ ಸತ್ತ.

1849ರಲ್ಲಿ ಅರ್ಧ ಊರೇ ಹಾಗೆ ಎದ್ದು ಹೋಯಿತು. ಟಂಕಸಾಲೆಯಲ್ಲಿ ಚಿನ್ನ ಪರೀಕ್ಷೆ ಮಾಡ್ತಿದ್ದ ಸ್ಟೀಫನ್‌ಸನ್ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಎದುರಿನ ಫಿಂಡ್ಲಿ ಗುಡ್ಡ ತೋರಿಸಿ, ಅದರೊಳಗೇ ಕೋಟಿ ಇದೆ, ಯಾಕೆ ಹೋಗ್ತೀರಿ ಅಂತ ಬೇಡಿಕೊಂಡನಂತೆ. ಯಾರೂ ಕೇಳಲಿಲ್ಲ. ಆಮೇಲೆ ನೀರಿನ ತೋಪಿನಿಂದ ಗುಡ್ಡಗಳನ್ನೇ ತೊಳೆದರು. ಕಾಲುವೆ ತೋಡಿ ನೀರು ತಂದು, ಕೊಳವೆಯಲ್ಲಿ ಜೋರಾಗಿ ಚಿಮ್ಮಿಸಿ ಮಣ್ಣು ಕರಗಿಸುವುದು. ಗುಡ್ಡದ ಮೈಯಲ್ಲಿ ಆ ಗಾಯ ಈಗಲೂ ಕಾಣುತ್ತೆ. 1899ರಲ್ಲಿ ಕನ್ಸಾಲಿಡೇಟೆಡ್ ಎಂಬ ಕಂಪನಿ ಬಂತು. ಮಿಸಿಸಿಪ್ಪಿಯ ಈ ಕಡೆಗೆಲ್ಲ ಅದೇ ದೊಡ್ಡ ಮಿಲ್ಲು, 120 ಒನಕೆಗಳು ಒಟ್ಟಿಗೆ ಕುಟ್ಟುತ್ತಿದ್ದವು. ಏಳು ವರ್ಷಕ್ಕೆ ಮುಳುಗಿತು. ಕೆಜಿಎಫ್‌ಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದು ಗಣಿ ಜೋರಾಗಿ ನಡೀತಿದ್ದ ಕಾಲ ಅದು. ಆಳದಲ್ಲಿ ನಿಮ್ಮೂರಿನ ಮುಂದೆ ಇದೇನೂ ಅಲ್ಲ. ನಿಮ್ಮಪ್ಪ ಇಳಿದದ್ದು ಮೂರು ಕಿಲೋಮೀಟರ್. ಇಲ್ಲಿ ಟಿಕೆಟು ಕೊಟ್ಟು ಇಳಿದರೆ ಸ್ವಲ್ಪ ಹೊತ್ತಿಗೆ ಮೇಲೆ ಬರಬಹುದು. ಮೇಲೆ ಬಂದ ಮೇಲೆ ಒಂದು ಬಾಣಲೆ ಮರಳು ಕೊಡ್ತಾರೆ. ತೊಟ್ಟಿಯ ನೀರಿನಲ್ಲಿ ಅಜ್ಜಿ ಅಕ್ಕಿಯ ಕಲ್ಲು ಗಾಳಿಸುತ್ತಿದ್ದ ಹಾಗೆ ಮೆಲ್ಲಗೆ ತಿರುಗಿಸಬೇಕು. ಹಗುರ ಮರಳು ಅಂಚಿನಿಂದ ಜಾರಿ ಹೋಗುತ್ತೆ, ತಳದಲ್ಲಿ ಕಪ್ಪು ಪುಡಿ ಉಳಿಯುತ್ತೆ. ಅದರ ತುದಿಯಲ್ಲಿ ಸೂಜಿಮೊನೆಯಷ್ಟು ಹಳದಿ. ಮಗಳಿಗೆ ಮೂರು ಚುಕ್ಕೆ ಸಿಕ್ಕಿತು. ಸಣ್ಣ ಸೀಸೆಯಲ್ಲಿ ನೀರು ತುಂಬಿ ಹಾಕಿಕೊಟ್ಟರು. ನನ್ನ ಬಾಣಲೆಯಲ್ಲಿ ಏನೂ ಇಲ್ಲ. ಹೆಂಡತಿ ಆ ಬಗ್ಗೆ ಇನ್ನೂ ಮಾತಾಡ್ತಾಳೆ.

ನೀನು ಬರೋದಾದರೆ ಅಕ್ಟೋಬರ್ ಮೂರನೇ ವಾರಾಂತ್ಯ ಮಾತ್ರ ಬೇಡ. ಆಗ ಗೋಲ್ಡ್ ರಷ್ ಹಬ್ಬ, ಎಲೆ ಬಣ್ಣ ನೋಡೋಕೆ ಬರುವವರೂ ಸೇರಿ ಪಾರ್ಕಿಂಗ್ ಸಿಗಲ್ಲ. ಏಪ್ರಿಲ್ ಒಳ್ಳೇದು. ಮೊದಲು ನ್ಯೂ ಎಕೋಟಾಕ್ಕೆ ಹೋಗೋಣ, ಆಮೇಲೆ ಡಲಾನೆಗಾ. ನಾನು ಹೋದ ಕ್ರಮಕ್ಕೆ ಉಲ್ಟಾ. ಆ ಕಡೆಯಿಂದ ಬಂದರೆ ಬೋರ್ಡುಗಳು ಬೇರೆ ಥರ ಓದಿಸಿಕೊಳ್ಳುತ್ತವೆ ಅಂತ ನನ್ನ ಲೆಕ್ಕ.

ಒಂದು ಕೆಲಸ ಮಾಡು. ನಿಮ್ಮಪ್ಪನ ಹತ್ತಿರ ಕೂತು, ಚಾಂಪಿಯನ್ ರೀಫ್‌ನಲ್ಲಿ ಅವರ ಜೊತೆ ಶಿಫ್ಟಿಗೆ ಇಳಿಯುತ್ತಿದ್ದವರ ಹೆಸರುಗಳನ್ನು ಒಂದೊಂದಾಗಿ ಬರೆಸಿಕೋ. ಯಾವ ಲೈನಿನ ಮನೆ, ಯಾವ ಊರಿಂದ ಬಂದವರು, ಅದೂ ಇರಲಿ. 2001ರಲ್ಲಿ ಗಣಿ ಮುಚ್ಚಿ ಇಷ್ಟು ವರ್ಷ ಆಯಿತು, ಇನ್ನು ತಡ ಮಾಡಬೇಡ. ಬರೆದದ್ದರ ಫೋಟೋ ತೆಗೆದು ನನಗೂ ಕಳಿಸು. ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ಬೋರ್ಡು ಹುಚ್ಚಿನ ಗೆಳೆಯ